ಕೈಬಿಡದ ಕ್ಲಚ್ಚು

ಬೆಳಿಗ್ಗೆ ಬನಶಂಕರಿಯ ಕಡೆ ನಡೆದು ಹೋಗುವಾಗ ಗ್ಯಾರೇಜೊಂದರ ಮುಂದೆ ಸೀಮೆಎಣ್ಣೆಯಲ್ಲಿ ನೆನೆಹಾಕಿದ ಚೈನಿನ ವಾಸನೆ ಮೂಗಿಗೆ ಬಡಿಯಿತು. ನಿಮಗದು ಬರೀ ವಾಸನೆ ಇರಬಹುದು. ನನಗೆ ಅದು ನನ್ನ ಮದುವೆಯ ವಾಸನೆ. ಮಲ್ಲಿಗೆ, ಗಂಧ ಎಲ್ಲ ಆಮೇಲೆ ಬಂದವು.

ಎಂಬತ್ತರ ದಶಕದ ಆರಂಭ. ಹನುಮಂತನಗರದಲ್ಲಿ ನಮ್ಮ ಮನೆ. ನನ್ನ ಹತ್ತಿರ ಒಂದು ಪುಟಾಣಿ ಬೈಕಿತ್ತು. ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ದೂರದಿಂದ ನೋಡಿದವರಿಗೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ತೇಲಿಹೋಗುತ್ತಿರುವಂತೆ ಕಾಣುತ್ತಿತ್ತಂತೆ. ದಿಣ್ಣೆ ಏರುವಾಗಲೆಲ್ಲ ಅದರ ಚೈನು ಕಳಚಿಕೊಳ್ಳುತ್ತಿತ್ತು. ಕಳಚಿದರೆ ಸಾಕು, ಬೀದಿಯವರೆಲ್ಲ ವೈದ್ಯರು. ಒಬ್ಬರು ಹಿಂದಿನ ಚಕ್ರ ಓರೆ ಅಂದರೆ, ಇನ್ನೊಬ್ಬರು ಹಲ್ಲುಚಕ್ರ ಸವೆದಿದೆ ಅನ್ನುವರು. ಎದುರುಮನೆಯಾಕೆ ನಿಂಬೆಹಣ್ಣು ಕಟ್ಟಿಸಲು ಹೇಳಿದ್ದರು. ಕಟ್ಟಿಸಿದೆ. ಅದೂ ಬಿದ್ದುಹೋಯಿತು.

ಜೆ.ಪಿ. ನಗರಕ್ಕೆ ಹೆಣ್ಣು ನೋಡಲು ಹೋಗುವ ದಿನ ಅಪ್ಪ ಅಮ್ಮ ಮುಂಚೆಯೇ ಬಸ್ಸು ಹತ್ತಿದರು. ದಾರಿಯಲ್ಲಿ ಕೈ ಮಸಿಯಾಗಬಾರದೆಂದು ನಾನು ಚೈನನ್ನು ವೀಣೆಯ ತಂತಿಯಂತೆ ಬಿಗಿದೆ. ನೋಡುತ್ತಿದ್ದ ಗೆಳೆಯ ನಾಗರಾಜ, "ಮಗಾ, ಸ್ವಲ್ಪ ಸಡಿಲ ಬಿಡೋ, ಅದೂ ಉಸಿರಾಡ್ಬೇಕು" ಅಂದ. ನಾನು ಇನ್ನೊಂದು ಸುತ್ತು ಬಿಗಿದೆ.

ಚೈನು ಕಳಚಲಿಲ್ಲ, ನಿಜ. ಆದರೆ ಆ ಬಿಗಿತಕ್ಕೆ ಕ್ಲಚ್ಚಿನ ಹಲ್ಲುಚಕ್ರ ಕಾದು ಕಚ್ಚಿಕೊಂಡಿತು. ವೇಗ ಇಳಿಸಿದಾಗ ತಾನಾಗಿ ಚಕ್ರದ ಕೈಬಿಡಬೇಕಾದ ಕ್ಲಚ್ಚು ಕೈಬಿಡಲೇ ಇಲ್ಲ. ಬ್ರೇಕೇನೋ ಇತ್ತು. ಹಿಡಿದರೆ ಎಂಜಿನ್ ಸಾಯುತ್ತಿತ್ತು, ಸತ್ತರೆ ಮತ್ತೆ ಹೊರಡುತ್ತಿರಲಿಲ್ಲ. ಹೆಣ್ಣಿನ ಮನೆಯಿಂದ ಗಾಡಿ ತಳ್ಳಿಕೊಂಡು ಹೊರಡುವ ವರ! ಆ ಚಿತ್ರ ಕಣ್ಣಿಗೆ ಕಟ್ಟಿ, ಅವರ ಗೇಟಿನ ಮುಂದೆ ನಿಂತಿದ್ದವರಿಗೆಲ್ಲ ನಮಸ್ಕಾರ ಮಾಡಿ ಮುಂದೆ ಹೋದೆ.

ಆಗ ಅಲ್ಲೆಲ್ಲ ಖಾಲಿ ಸೈಟು. ಮನೆಯ ಸುತ್ತ ಆರಾಮವಾಗಿ ಒಂದು ಸುತ್ತು ಬರಬಹುದಿತ್ತು. ಬಂದೆ.

"ಬನ್ನಿ, ಒಳಗೆ ಬನ್ನಿ" ಎಂದರು ಹುಡುಗಿಯ ತಂದೆ.

"ಬಂದೇ ಸಾರ್!" ಎನ್ನುತ್ತಾ ಮತ್ತೆ ಹೊರಟೆ.

ಮುಂದಿನ ಸುತ್ತಿಗೆ ಅವರು ಪಂಚೆ ಎತ್ತಿಕಟ್ಟಿ ನನ್ನ ಪಕ್ಕದಲ್ಲೇ ಓಡುತ್ತಾ, ಏದುಸಿರು ಬಿಡುತ್ತಾ, "ನಿಮ್ಮ ಡ್ಯೂಟಿ ಎಲ್ಲಿ ಅಂದ್ರಿ?" ಎಂದು ವಿಚಾರಿಸಿದರು. ಜಗಲಿಯಲ್ಲಿದ್ದ ಅಜ್ಜಿ ಕೈಮುಗಿದು, "ಪ್ರದಕ್ಷಿಣೆ ಹಾಕ್ತಿದಾನೆ. ಒಳ್ಳೇ ಸಂಸ್ಕಾರ" ಎಂದರು. ನನ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕೊನೆಗೆ ಹುಡುಗಿಯೇ ಕಾಫಿ ಲೋಟದೊಂದಿಗೆ ಗೇಟಿಗೆ ಬಂದಳು. ಅವಳೇ ವಿಮಲಾ.

"ಯಾಕ್ರೀ ನಿಲ್ಸಲ್ಲ?"

"ನಿಲ್ಸಿದ್ರೆ ನಿಂತ್ಹೋಗತ್ತೆ!" ಎಂದು ಕೂಗಿ ದಾಟಿದೆ.

ನಾನು ಮನೆ ಸುತ್ತಿ ಬರುವಷ್ಟರಲ್ಲಿ ಅವಳು ಉತ್ತರ ಯೋಚಿಸಿಟ್ಟುಕೊಂಡಿದ್ದಳು. "ನಿಲ್ಲೋಕೆ ತಾನೇ ಬಂದಿರೋದು?"

ಬ್ರೇಕು ಹಿಡಿದೆ. ಎಂಜಿನ್ ಕೆಮ್ಮಿ ಸತ್ತಿತು. ಅಷ್ಟು ಬಿಗಿದಿದ್ದ ಚೈನು ಟಣ್ಣನೆ ಹಾರಿ ಅವಳ ಪಾದದ ಬಳಿ ಬಿತ್ತು.

ಆಮೇಲೆ ಸೋಫಾದ ಮೇಲೆ ಯಾರೂ ಕೂರಲಿಲ್ಲ. ಎರಡೂ ಮನೆಯವರು ಬೈಕಿನ ಸುತ್ತ ಕುಕ್ಕರಗಾಲಲ್ಲಿ ಕೂತರು. ಅವಳ ತಂದೆ ಚಕ್ರ ತಿರುಗಿಸಿದರು, ನನ್ನಪ್ಪ ಹಲ್ಲುಚಕ್ರ ಸವರಿದರು. ಯಾರೂ ಅವಳಿಗೆ ಹಾಡು ಹೇಳಿಸಲಿಲ್ಲ, ನಡೆಸಿ ನೋಡಲಿಲ್ಲ. ರೇಷ್ಮೆ ಸೀರೆಯಲ್ಲೇ ಅವಳು ಹಿಂದಿನ ಚಕ್ರ ಎತ್ತಿ ಹಿಡಿದಳು. ನಾನು ಸೀಮೆಎಣ್ಣೆಯಲ್ಲಿ ಚೈನು ತೊಳೆದೆ. ಹೊರಡುವಾಗ ಗೇಟಿನ ಬಳಿ ಮೆಲ್ಲಗೆ ಹೇಳಿದಳು: "ಇಷ್ಟು ದಿನ ಬಂದೋರೆಲ್ಲ ನನ್ನನ್ನ ಪರೀಕ್ಷೆ ಮಾಡಿ ಹೋದ್ರು. ನೀವೊಬ್ರೇ ಪರೀಕ್ಷೆ ಕೊಟ್ಟು ಹೋಗ್ತಿರೋದು." ಚೈನು ಕೂತರೂ ಎಂಜಿನ್ ಹೊರಡಲಿಲ್ಲ; ನಾನು ಗಾಡಿ ತಳ್ಳಿಕೊಂಡೇ ಹನುಮಂತನಗರ ಸೇರಿದೆ. ಭಾರವೇ ಅನ್ನಿಸಲಿಲ್ಲ.

ಇಂದು ಮನೆಗೆ ಬಂದವನೇ, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ. "ಅವತ್ತು ನಾನು ಬ್ರೇಕ್ ಹಿಡೀದೇ ಇದ್ದಿದ್ರೆ ಏನ್ಮಾಡ್ತಿದ್ದೆ?"

ವಿಮಲಾ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಇನ್ನೊಂದು ಸುತ್ತು ನೋಡಿ ಹಿಂದೆ ಹತ್ಕೊಂಡ್ಬಿಡ್ತಿದ್ದೆ."