ವಿಶ್ವಕರ್ಮನ ಎದುರು ವೀಡಿಯೊ ಕಾಲ್

ಕೆಲವು ದಿನಗಳಿಂದ ನಾನು ಆಫೀಸಿನಿಂದ ಮನೆಗೆ ಸುತ್ತು ಹೊಡೆದು ಬರುತ್ತಿದ್ದೆ. ಮೆಟ್ರೊ ಇಳಿದು ನೇರ ರಸ್ತೆ ಹಿಡಿದರೆ ಮನೆ ಹತ್ತಿರವೇ. ಆದರೆ ಆ ರಸ್ತೆಯ ಮೂಲೆಯಲ್ಲಿ ತಪನ್‌ದಾ, ಅಂದರೆ ತಪನ್ ಅಣ್ಣನ, ಅಂಗಡಿ ಇದೆ. ಹಾಗಾಗಿ ಮೀನಿನ ಮಾರ್ಕೆಟ್ಟಿನ ಒಳಗಿಂದ, ಮೂಗಿಗೆ ಕರ್ಚೀಫು ಹಿಡಿದು ಬರುತ್ತಿದ್ದೆ. (ಮೈಸೂರಿನ ಸಸ್ಯಾಹಾರಿಯೊಬ್ಬ ಕೋಲ್ಕತ್ತೆಯ ಬೆಹಾಲಾದ ಮೀನಿನ ಮಾರ್ಕೆಟ್ಟನ್ನು ದಿನಾ ತಾನಾಗಿಯೇ ದಾಟುತ್ತಾನೆ ಎಂದರೆ ವಿಷಯ ಎಷ್ಟು ಗಂಭೀರ, ನೀವೇ ಲೆಕ್ಕ ಹಾಕಿ.)

ತಪನ್‌ದಾಗೆ ನಾನು ಮಾಡಿದ ಅನ್ಯಾಯವಾದರೂ ಏನು? ಅವರ ಬ್ರಾಡ್‌ಬ್ಯಾಂಡ್ ಬಿಟ್ಟಿದ್ದೆ.

ನಮ್ಮ ಪಾಡಾಕ್ಕೆ, ಅಂದರೆ ನಮ್ಮ ಬೀದಿ, ಅಕ್ಕಪಕ್ಕದ ಬೀದಿಗಳಿಗೆಲ್ಲ, ಟೀವಿ ಕೇಬಲ್ಲು, ಲ್ಯಾಂಡ್‌ಲೈನು, ನೆಟ್ಟು ಎಲ್ಲ ಕೊಡುವವರು ತಪನ್‌ದಾ. ಅವರ ನೆಟ್ಟಿಗೆ ಅದರದೇ ಮೂಡು. ಮಳೆ ಬಂದರೆ ನಿಧಾನ. ಕ್ರಿಕೆಟ್ ಇದ್ದರೆ ಇನ್ನೂ ನಿಧಾನ. ಹೀಗಿರುವಾಗ ದೊಡ್ಡ ಕಂಪನಿಯೊಂದರ ಸೇಲ್ಸ್‌ನವನು ಟೈ ಕಟ್ಟಿಕೊಂಡು ಬಂದ. ಒಂದೇ ವೈರಿನಲ್ಲಿ ಫೋನೂ ನೆಟ್ಟೂ, ನಂಬರು ಹಳೆಯದೇ, ಸ್ಪೀಡು ಮಾತ್ರ ಹೊಸದು ಎಂದ. ನಾನು ಕರಗಿಹೋದೆ. ಅಷ್ಟಕ್ಕೇ ಸುಮ್ಮನಿದ್ದೆನೆ? ಮೆಟ್ಟಿಲ ಮೇಲೆ ನಿಂತು ಪುಟ್ಟದೊಂದು ಭಾಷಣ ಮಾಡಿ ನಮ್ಮ ಕಟ್ಟಡದ ಎಲ್ಲ ಮನೆಗಳನ್ನೂ ಹೊಸ ಕಂಪನಿಗೆ ಸೇರಿಸಿದೆ. ಇಡೀ ಕಟ್ಟಡವೇ ಕೈಬಿಟ್ಟು ಹೋದ ಮೇಲೆ ತಪನ್‌ದಾ ಮುಖ ಹೇಗೆ ನೋಡಲಿ?

ಇಷ್ಟೆಲ್ಲ ಮಾಡಿದ್ದು ನನ್ನ ಹೆಂಡತಿ ವಸುಧಾಗಾಗಿ. (ಗಂಡಂದಿರು ಮಾಡುವ ಎಡವಟ್ಟುಗಳೆಲ್ಲ ಹೆಂಡತಿಗಾಗಿಯೇ ಅಲ್ಲವೇ?)

ವಸುಧಾ ಇಲ್ಲಿನ ಕನ್ನಡ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ಮದುವೆಯಾಗಿ ಕೋಲ್ಕತ್ತೆಗೆ ಬಂದಾಗಿನಿಂದಲೂ ಅವಳಿಗೆ ಒಂದು ಅಳುಕು. "ನಾನು ಹೇಳ್ಕೊಡ್ತಿರೋದು ಸರಿಯಾಗಿದ್ಯೋ ಇಲ್ವೋ, ಹೇಳೋರು ಇಲ್ಲಿ ಯಾರಿದಾರ್ರೀ? ಮಕ್ಕಳು ಚಪ್ಪಾಳೆ ಹೊಡೀತಾರೆ, ಅಪ್ಪ ಅಮ್ಮಂದಿರು ವೀಡಿಯೊ ತೆಗೀತಾರೆ. ತಪ್ಪು ಅಂತ ಯಾರೂ ಹೇಳಲ್ಲ" ಎನ್ನುತ್ತಿರುತ್ತಾಳೆ. ತಪ್ಪು ಹೇಳಬಲ್ಲವರು ಒಬ್ಬರೇ. ಮೈಸೂರಿನಲ್ಲಿರುವ ಅವಳ ಸಂಗೀತದ ಟೀಚರ್ ಲಲಿತಮ್ಮ. ಅವರಿಗೋ ಮೊಬೈಲ್ ಎಂದರೆ ಆಗದು. ಬಹಳ ಕಾಲ ಕಾಡಿಸಿ, ಕೊನೆಗೆ, ಹಾಸ್ಟೆಲಿನಿಂದ ಬರುವ ಮೊಮ್ಮಗ ಲ್ಯಾಪ್‌ಟಾಪ್ ಹಚ್ಚಿಕೊಟ್ಟರೆ ಮಕ್ಕಳ ಹಾಡು ಕೇಳುತ್ತೇನೆ ಎಂದರು. ಮೊಮ್ಮಗ ಬರುವುದು ಬುಧವಾರ, ಮರುದಿನವೇ ವಾಪಸು. ಆಮೇಲೆ ದೀಪಾವಳಿಗೇ. ಆದ್ದರಿಂದ ಬುಧವಾರ ಸಂಜೆ ಎಂದು ನಿಶ್ಚಯವಾಯಿತು.

ಬುಧವಾರ ನಾನು ರಜ ಹಾಕಿದೆ. ಬೆಳಿಗ್ಗೆ ನೆಟ್ಟು ಕುದುರೆಯ ಹಾಗೆ ಓಡುತ್ತಿತ್ತು. ನಾನು ಮೀಸೆ ತಿರುವಿಕೊಂಡು ಓಡಾಡಿದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಮೋಡೆಮ್ಮಿನಲ್ಲಿ ಕೆಂಪು ದೀಪ. ಫೋನೂ ಇಲ್ಲ, ನೆಟ್ಟೂ ಇಲ್ಲ. ಒಂದೇ ವೈರು ತಾನೇ, ಎರಡೂ ಒಟ್ಟಿಗೇ ಹೋಗಿದ್ದವು.

ಟೆರೇಸಿಗೆ ಓಡಿದೆ, ಇಡೀ ಕಟ್ಟಡದ ವೈರು ಇಳಿಯುವುದು ಅಲ್ಲಿಂದಲೇ. ಅಲ್ಲಿ ಜಾತ್ರೆ. ಆಕಾಶದ ತುಂಬ ಗಾಳಿಪಟ. ಮೇಲಿನ ಮನೆಯ ಘೋಷ್ ಬಾಬು, ಬ್ಯಾಂಕಿನಿಂದ ನಿವೃತ್ತರಾದ ಗಂಭೀರ ಮನುಷ್ಯ, ಲುಂಗಿ ಮೇಲೆತ್ತಿ ಕಟ್ಟಿಕೊಂಡು "ಭೋಕಾಟ್ಟಾ" ಎಂದು ಕೂಗುತ್ತಿದ್ದರು. ಎದುರಾಳಿಯ ಪಟ ಕತ್ತರಿಸಿದರೆ ಇಲ್ಲಿ ಹಾಗೆ ಕೂಗಬೇಕು. ಪಟದ ಹಿಂದೆ ಓಡುವ ಭರದಲ್ಲಿ ಅವರು ಎಡವಿದ್ದು ನಮ್ಮ ಹೊಸ ಕೇಬಲ್ಲಿಗೆ. ಅದು ಕಿತ್ತು ಬಂದು ಅವರ ಚಪ್ಪಲಿಗೆ ಸುತ್ತಿಕೊಂಡಿತ್ತು.

"ಇದು ಯಾವುದೋ ಹಳೇ ಆಂಟೆನಾ ವೈರು ಅಂದ್ಕೊಂಡೆ" ಎಂದರು ಘೋಷ್ ಬಾಬು.

ಕಂಪನಿಗೆ ಮೊಬೈಲಿನಿಂದ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಹಿಂದಿಯಲ್ಲಿ ವಿನಯವಾಗಿ ಹೇಳಿದಳು: "ಇವತ್ತು ವಿಶ್ವಕರ್ಮ ಪೂಜೆ ಸರ್. ಫೀಲ್ಡ್ ಟೀಮ್ ನಾಳೆ ಬರುತ್ತೆ."

ಆಗ ಹೊಳೆಯಿತು ನಮ್ಮ ದಡ್ಡತನ. ನಮ್ಮ ಅಡುಗೆಮನೆಯ ಗೋಡೆಗೆ ಪ್ರತಿ ವರ್ಷವೂ ಮೈಸೂರಿನಿಂದ ತಂದ ಕ್ಯಾಲೆಂಡರ್. ದಿನ ನಿಶ್ಚಯಿಸುವಾಗ ವಸುಧಾ ಅದರಲ್ಲಿ ರಾಹುಕಾಲ ನೋಡಿದ್ದಳು. ಮೂಲೆಯಲ್ಲಿ ಸಣ್ಣದಾಗಿ ವಿಶ್ವಕರ್ಮ ಜಯಂತಿ ಎಂದೂ ಇತ್ತು. ಜಯಂತಿ ಎಂದರೆ ನಮಗೆ ಒಂದು ಹಾರ, ಒಂದು ಭಾಷಣ, ಮುಗಿಯಿತು. ನಮ್ಮ ಆಯುಧಪೂಜೆ ಬರುವುದು ನವರಾತ್ರಿಗೆ. ಬಂಗಾಳದವರಿಗೆ ಆಯುಧಪೂಜೆ ಇವತ್ತೇ, ಗಾಳಿಪಟ ಹಾರಿಸುವುದೂ ಇವತ್ತೇ. ಇವತ್ತು ಯಾವ ಮೆಕ್ಯಾನಿಕ್ಕೂ ಸ್ಪ್ಯಾನರ್ ಮುಟ್ಟುವುದಿಲ್ಲ, ಯಾವ ಕೇಬಲ್ಲಿನವನೂ ಏಣಿ ಹತ್ತುವುದಿಲ್ಲ. ಇಷ್ಟು ವರ್ಷ ಇಲ್ಲಿದ್ದೂ ಮೈಸೂರಿನ ಗೋಡೆಯನ್ನೇ ನೋಡಿಕೊಂಡು ಬದುಕಿದರೆ ಇನ್ನೇನಾಗುತ್ತದೆ?

ಮೊಬೈಲ್ ಡೇಟಾ ಇಲ್ಲವೇ ಎನ್ನುತ್ತೀರಿ. ನಮ್ಮದು ನೆಲಮಹಡಿ. ಕಿಟಕಿಯ ಸರಳಿಗೆ ಮೊಬೈಲ್ ತಾಗಿಸಿ ಹಿಡಿದರೆ ಸಿಗ್ನಲ್ಲಿನ ಒಂದು ಕಡ್ಡಿ ಬರುತ್ತದೆ. ಪರೀಕ್ಷೆಗೆಂದು ಲಲಿತಮ್ಮನವರ ಮೊಮ್ಮಗನಿಗೆ ಕರೆ ಮಾಡಿದೆವು. ಅವನ ತುಟಿ ಆಡಿ ಎಷ್ಟೋ ಹೊತ್ತಿಗೆ ಮಾತು ಬಂತು. ಮಾತು ಹೀಗಾದರೆ ಹಾಡಿನ ಗತಿ? ಪಕ್ಕದ ಮನೆಯವರನ್ನು ಕೇಳೋಣವೆಂದರೆ ನನ್ನ ಭಾಷಣದ ಪ್ರಭಾವದಿಂದ ಅವರೆಲ್ಲರ ನೆಟ್ಟೂ ಘೋಷ್ ಬಾಬು ಚಪ್ಪಲಿಯಲ್ಲೇ ಇತ್ತು.

ಅಷ್ಟರಲ್ಲಿ ಬಾಲಿಗಂಜ್, ಅಲಿಪುರದ ಕಡೆಯಿಂದ ಮಕ್ಕಳು ರೇಷ್ಮೆ ಲಂಗ, ಜುಬ್ಬಾ ಹಾಕಿಕೊಂಡು ಬಂದರು. "ಆಂಟಿ, ನೆಟ್ ಡೌನ್ ಅಂದ್ರೆ ಟುಡೇ ಕ್ಯಾನ್ಸಲ್ಲಾ?" ಎಂದಿತು ಒಂದು. ಅದರ ದನಿಯಲ್ಲಿ ಆಸೆ ಇತ್ತು. ವಸುಧಾ ಶ್ರುತಿಪೆಟ್ಟಿಗೆ ಮುಚ್ಚಿಟ್ಟಳು. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಸುಖವಿತ್ತು.

ಮಾನ ಮರ್ಯಾದೆ ಬದಿಗಿಟ್ಟು ತಪನ್‌ದಾ ಅಂಗಡಿಗೆ ಹೊರಟೆ. ವಸುಧಾಳೂ ಬಂದಳು. (ನಾನು ಸರಿಯಾಗಿ ಬೇಡಿಕೊಳ್ಳುತ್ತೇನೆಂಬ ನಂಬಿಕೆ ಅವಳಿಗಿರಲಿಲ್ಲ.)

ಅಂಗಡಿಯೊಳಗೆ ಆನೆಯ ಜೊತೆ ವಿಶ್ವಕರ್ಮನ ಮೂರ್ತಿ, ಕೈಯಲ್ಲೊಂದು ಗಾಳಿಪಟ. ಅವನ ಪಾದದ ಬಳಿ ಡ್ರಿಲ್ಲು, ಇಕ್ಕಳ, ಫೈಬರ್ ಕೂಡಿಸುವ ಯಂತ್ರ, ಎಲ್ಲಕ್ಕೂ ಸಿಂಧೂರ, ಚೆಂಡುಹೂವು. ಹೊರಗೆ ಲೌಡ್‌ಸ್ಪೀಕರಿನಲ್ಲಿ ಹಿಂದಿ ಹಾಡು.

ವಸುಧಾ ವಿಷಯ ಹೇಳಿದಳು. ತಪನ್‌ದಾ ನನ್ನತ್ತ ನೋಡಿ ನಕ್ಕರು. "ಮೀನು ತಿನ್ನೋದು ಶುರು ಮಾಡಿದ್ರಾ ದಾದಾ? ದಿನಾ ಮಾರ್ಕೆಟ್ ಕಡೆಯಿಂದ ಬರ್ತೀರಂತೆ" ಎಂದರು. ಪಾಡಾದಲ್ಲಿ ಯಾವ ಗುಟ್ಟು ಉಳಿದೀತು?

ಆಮೇಲೆ ವಸುಧಾಗೆ ಹೇಳಿದರು: "ಬೌದಿ, ಇವತ್ತು ಯಂತ್ರ ಮುಟ್ಟೋ ಹಾಗಿಲ್ಲ. ನಿಮ್ಮ ಮನೆಗೆ ಲೈನ್ ಎಳೆಯೋಕಾಗಲ್ಲ." ಬೌದಿ ಎಂದರೆ ಅತ್ತಿಗೆ. ಆಯುಧಪೂಜೆಯ ದಿನ ಕುಂಕುಮ ಇಟ್ಟ ಸ್ಕೂಟರನ್ನು ಹೊರಗೆ ತೆಗೆಯಲು ನನ್ನ ಅಪ್ಪನೂ ಬಿಡುತ್ತಿರಲಿಲ್ಲ. ತಿರುಗಿ ಹೊರಡಬೇಕು, ಅಷ್ಟರಲ್ಲಿ ತಪನ್‌ದಾ ಎಂದರು: "ಲೈನು ಬರಲ್ಲ. ಮಕ್ಕಳು ಬರಬಹುದಲ್ಲ? ಇಲ್ಲಿ ನೆಟ್ ಓಡ್ತಾನೇ ಇದೆ. ಅದನ್ನ ನಿಲ್ಲಿಸಿದ್ರೆ ಪಾಡಾದವರು ನನ್ನನ್ನ ಸುಮ್ನೆ ಬಿಡ್ತಾರಾ?"

ಹೀಗೆ ನಮ್ಮ ಮಕ್ಕಳು ವಿಶ್ವಕರ್ಮನ ಮುಂದೆ ಚಾಪೆ ಹಾಕಿ ಕೂತರು. ಲ್ಯಾಪ್‌ಟಾಪ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ತಪನ್‌ದಾ ಲೌಡ್‌ಸ್ಪೀಕರ್ ಆರಿಸಿದರು. ಪೂಜೆಯ ದಿನ ಕೋಲ್ಕತ್ತೆಯಲ್ಲಿ ಲೌಡ್‌ಸ್ಪೀಕರ್ ಆರಿಸುವುದೆಂದರೆ ಸಣ್ಣ ಮಾತಲ್ಲ. ಏನಾಯಿತೆಂದು ನೋಡಲು ಜನ ಬಂದು ಬಾಗಿಲಲ್ಲಿ ನಿಂತರು. ಮಕ್ಕಳು ಮೋಹನ ರಾಗದ ಒಂದು ಗೀತೆ, ಆಮೇಲೊಂದು ದೇವರನಾಮ ಹಾಡಿದರು.

ಹಾಡು ಮುಗಿಯಿತು. ಪರದೆಯಲ್ಲಿ ಲಲಿತಮ್ಮ ಅಲುಗಾಡಲಿಲ್ಲ. ನೆಟ್ಟು ಇಲ್ಲೂ ಕೈಕೊಟ್ಟಿತೇ ಎಂದು ನಾನು ಮೋಡೆಮ್ಮಿನ ದೀಪ ಹುಡುಕಿದೆ. ಆಗ ಅವರು ಕನ್ನಡಕ ತೆಗೆದರು.

"ವಸುಧಾ, ಆ ಕೊನೇಲಿ ಕೂತಿದಾಳಲ್ಲ ಹುಡುಗಿ, ತಾಳ ಓಡಿಸ್ತಾಳೆ. ನೀನೂ ಹಾಗೇ ಓಡಿಸ್ತಿದ್ದೆ. ತಿದ್ದು. ಮಿಕ್ಕಿದ್ದೆಲ್ಲ ನಾನು ಹೇಳ್ಕೊಟ್ಟ ಹಾಗೇ ಇದೆ ಕಣಮ್ಮ."

ವಸುಧಾ "ಸರಿ ಟೀಚರ್" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಎರಡೂ ಇರಬೇಕು. ಅವಳು ಅಷ್ಟು ಹಗುರಾಗಿದ್ದನ್ನು ಈ ಊರಿಗೆ ಬಂದ ಮೇಲೆ ನಾನು ನೋಡಿಯೇ ಇರಲಿಲ್ಲ. ಒಂದೇ ಒಂದು ಮಾತೂ ಅರ್ಥವಾಗದ ತಪನ್‌ದಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರಿಗೂ ಎಲೆಯ ತಟ್ಟೆಯಲ್ಲಿ ಬಿಸಿಬಿಸಿ ಖಿಚುಡಿ. ಕ್ಯಾನ್ಸಲ್ ಆಗಲಿ ಎಂದು ಹಾರೈಸಿದ್ದ ಮಗು ಎರಡು ಸಲ ಬಡಿಸಿಕೊಂಡಿತು.

ಮರುದಿನ ಹೊಸ ಕಂಪನಿಯವರು ಹೇಳಿದ ಸಮಯಕ್ಕೇ ಬಂದು ಕೇಬಲ್ ಸರಿ ಮಾಡಿದರು. ಕೆಲಸ ಅಚ್ಚುಕಟ್ಟು, ಸುಳ್ಳೇಕೆ ಹೇಳಲಿ? ಸಂಜೆ ಫೀಡ್‌ಬ್ಯಾಕ್ ಕೇಳಲು ಫೋನ್ ಬಂತು. "ಸರ್, ನಮ್ಮ ಸ್ಪೀಡ್ ಹೇಗಿದೆ?" ಚೆನ್ನಾಗಿದೆ ಎಂದೆ. "ಸರ್ವಿಸ್?" ಅದೂ ಚೆನ್ನಾಗಿದೆ ಎಂದೆ. "ಇನ್ನೇನಾದರೂ ತಿಳಿಯಬೇಕಿತ್ತಾ ಸರ್?"

ತಿಳಿಯಬೇಕಿತ್ತು. ನೆಟ್ಟು ಹೋದ ದಿನ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಕೂರುವುದಕ್ಕೆ ಒಂದು ಅಂಗಡಿ, ನಿಮ್ಮ ಯಾವ ಪ್ಲಾನಿನಲ್ಲಿ ಬರುತ್ತದೆ?