ಗುಂಡಣ್ಣನ ಮಗಳು ಓದುತ್ತಿದ್ದ ಆಟದ ಸುದ್ದಿ

ನಮ್ಮ ಎಫ್‌ಎಂನಲ್ಲಿ ಈಗ ಬೆಳಗಿನ ಕಾರ್ಯಕ್ರಮವನ್ನು ಹಿಂದಿನ ದಿನವೇ ರೆಕಾರ್ಡ್ ಮಾಡಿಡುತ್ತಾರೆ. ನಗುವನ್ನೂ ಮುಂಚೆಯೇ ನಕ್ಕಿಡುತ್ತಾರೆ, ಏನು ಹೇಳಲಿ! ನನ್ನಂಥ ಹಳೆಯ ನಿರೂಪಕನಿಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಸುಜಾತಾ ಆಟದ ಸುದ್ದಿ ಓದುತ್ತಿದ್ದ ಬೆಳಗುಗಳು ನೆನಪಾಗುತ್ತವೆ.

ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಒಂದು ಲಾಡ್ಜಿನ ಮೇಲಿನ ಮಹಡಿಯಲ್ಲಿತ್ತು ನಮ್ಮ ಸ್ಟುಡಿಯೋ. ನಾನು ಹಾಡು ಹಾಕುವವನು, ಅವಳು ನಡುವೆ ಬಂದು ಆಟದ ಸುದ್ದಿ ಓದುವವಳು. ಕ್ರಿಕೆಟ್ಟು ಯಾರು ಬೇಕಾದರೂ ಹೇಳುತ್ತಾರೆ ಬಿಡಿ. ಸುಜಾತಾ ಆಳಂದದ ಖೋಖೋ, ಚಿತ್ತಾಪುರದ ವಾಲಿಬಾಲ್ ಕೂಡ ಹೇಳುತ್ತಿದ್ದಳು. ಓದಿ ಮುಗಿಸಿ ನನ್ನ ಕಾಲೆಳೆಯದೆ ಏಳುತ್ತಿರಲಿಲ್ಲ.

“ಅಮರಣ್ಣ, ನಿಮ್ಮ ಟೀಮು ಮತ್ತ ಬೋರಲ ಬಿತ್ತು ನೋಡ್ರಿ.”

“ಸುಮ್ನಿರವ್ವ ತಾಯಿ, ಊರ ಮಂದಿ ಮುಂದ ಮಾನ ಕಳೀಬ್ಯಾಡ.”

ಪ್ರತಿ ಶನಿವಾರ ನಾವಿಬ್ಬರೂ ರೇಡಿಯೋದಲ್ಲೇ ಪಂದ್ಯ ಕಟ್ಟುತ್ತಿದ್ದೆವು. ಸೋತವರು ಕಮಲಾಪುರದ ಕೆಂಪು ಬಾಳೆಹಣ್ಣು ತರಬೇಕು. ಅವಳ ಊರೇ ಕಮಲಾಪುರ. ಆದರೂ ಸೋತಾಗಲೆಲ್ಲ ಇಲ್ಲೇ ಪೇಟೆಯಲ್ಲಿ ಕೊಂಡು ತರುತ್ತಿದ್ದಳು. “ಇದು ಮೋಸ, ಊರಿಗೆ ಹೋಗಿ ತಾ” ಎಂದು ಒಮ್ಮೆ ಜಗಳ ತೆಗೆದೆ. ಆಗ ಹೇಳಿದಳು ನೋಡಿ, ಊರಿಗೆ ಯಾಕೆ ಹೋಗುವುದಿಲ್ಲವೆಂದು.

ಅವಳು ಕಬಡ್ಡಿ ಆಟಗಾರ್ತಿ. ರೇಡಿಗೆ ಹೋದರೆ ಬರಿಗೈಯಲ್ಲಿ ಬಂದವಳಲ್ಲ. ಬೀದರ ಕಡೆಯಿಂದ ಹೆಣ್ಣು ನೋಡಲು ಬಂದವರು ಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದಾಗ, ಇವಳು ಯಾರಿಗೂ ಹೇಳದೆ ಸೋಲಾಪುರಕ್ಕೆ ಹೋಗಿ ಫೈನಲ್ ಆಡುತ್ತಿದ್ದಳು! ಊರ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಅಪ್ಪ ಗುಂಡಣ್ಣ ಬಂದವರೆದುರು ತಲೆ ತಗ್ಗಿಸಿ ನಿಂತನಂತೆ. ಮಗಳು ಕಪ್ಪು ಹಿಡಿದು ಬಂದಾಗ, “ಆಟನೇ ಹೆಚ್ಚಾದ್ರ ಆಟದ ಸಂಗಾಟನೇ ಇರು” ಅಂದ. ಅಲ್ಲಿಗೆ ಅಪ್ಪ ಮಗಳ ಮಾತು ನಿಂತಿತು. ಅವಳು ಕಲಬುರಗಿಗೆ ಬಂದಳು. ಮೊಣಕಾಲು ಕೆಟ್ಟು ಆಟವೂ ಬಿಟ್ಟುಹೋಯಿತು, ಉಳಿದದ್ದು ಈ ಸುದ್ದಿಯೊಂದೇ.

ಅವ್ವ ಶಿವಕಾಂತಮ್ಮ ಆಗಾಗ ರೊಟ್ಟಿ ಕಟ್ಟಿಕೊಂಡು ಮಗಳನ್ನು ನೋಡಲು ಬರುತ್ತಿದ್ದಳು. ಬಂದಾಗಲೆಲ್ಲ ಅದೇ ಸುದ್ದಿ: “ನಿಮ್ಮಪ್ಪ ದಿನಾ ನಿಮ್ಮ ಸ್ಟೇಶನ್ನೇ ಹಚ್ತಾನ. ಹಾಡು ಕೇಳ್ತಾನ. ನಿನ್ನ ದನಿ ಬಂತಂದ್ರ ರೇಡಿಯೋ ಸಣ್ಣ ಮಾಡ್ತಾನ.”

“ಒಂದ್ಸಲ ಕೇಳ್ಯಾನಂತ ಗೊತ್ತಾದ್ರ ಸಾಕಿತ್ತು ಅಮರಣ್ಣ” ಎಂದಳು ಸುಜಾತಾ. “ಬೈದ್ರೂ ನಡೀತಿತ್ತು.”

ಮುಂದಿನ ಪಂದ್ಯ ನಾನು ಸೋತೆ. ರಜೆಯ ದಿನ ಬೆಳಿಗ್ಗೆ ನೇರ ಕಮಲಾಪುರದ ಬಸ್‌ಸ್ಟ್ಯಾಂಡಿಗೆ ಹೋದೆ. ಗುಂಡಣ್ಣನ ಬಾಳೆಹಣ್ಣಿನ ಗಾಡಿ ಅಲ್ಲೇ ಇತ್ತು, ರೇಡಿಯೋ ಜೋರಾಗಿ ಹಾಡುತ್ತಿತ್ತು. ನಾನು ಯಾರೆಂದು ಹೇಳಲಿಲ್ಲ. ಹಾಡು ಮುಗಿದು ಸುಜಾತಾಳ ದನಿ ಬಂತೋ ಇಲ್ಲವೋ, ಮುದುಕ ಕೈಚಾಚಿ ದನಿ ತಗ್ಗಿಸಿಯೇಬಿಟ್ಟ. ನನ್ನ ಸಿಟ್ಟು ನೆತ್ತಿಗೇರಿತು.

“ಏನ್ರೀ ಯಜಮಾನ್ರ, ಹೆತ್ತ ಮಗಳ ದನಿ ಅಷ್ಟು ಭಾರ ಆತೇನ್ರಿ ನಿಮಗ?”

ಅವನು ನನ್ನ ಕಡೆ ನೋಡಲೂ ಇಲ್ಲ, ಸುಮ್ಮನಿರುವಂತೆ ಕೈ ಮಾಡಿದ. ಬಾಗಿ ರೇಡಿಯೋಕ್ಕೆ ಕಿವಿಯಾನಿಸಿ ನಿಂತ. ಗಿರಾಕಿಯೊಬ್ಬಳು ಹಣ್ಣಿನ ರೇಟು ಕೇಳಿ ಕೇಳಿ ಬೇಸತ್ತು ಹೋದಳು. ಸುದ್ದಿ ಪೂರ್ತಿ ಮುಗಿದ ಮೇಲೆಯೇ ಅವನು ತಲೆಯೆತ್ತಿದ್ದು.

“ಜೋರ ಇಟ್ರ ಮಂದಿ ಬಂದು ‘ಗುಂಡಣ್ಣ, ನಿನ್ನ ಮಗಳಲ್ಲೋ’ ಅಂತ ಮಾತಿಗಿ ಹತ್ತತಾರ್ರೀ. ಅವರ ಗದ್ದಲದಾಗ ಆಕಿ ಹೇಳೂದೇ ಕೇಳಂಗಿಲ್ಲ.” ಆಮೇಲೆ ನನ್ನನ್ನು ದಿಟ್ಟಿಸಿ ನೋಡಿದ. “ನೀವು ಆ ಹಾಡಿನವರಲ್ರೀ? ದನಿ ಗುರ್ತು ಹತ್ತಿತು ನೋಡ್ರಿ. ಮೊನ್ನಿಂದ ಆಕೀ ಗಂಟಲ ಕಟ್ಯಾದ. ಅಷ್ಟ ಮಂದಿ ಇದ್ದೀರಿ, ಔಷಧ ತಗೊಂಡ್ಯೇನವ್ವ ಅಂತ ಒಬ್ರರ ಕೇಳೀರೇನು?”

ಹೌದಲ್ಲ! ದಿನಾ ಅವಳ ಎದುರಿಗೇ ಕೂರುವ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಹಣ್ಣು ತೆಗೆದುಕೊಂಡು ಬಂದೆ.

ಮರುದಿನ ಹಾಡು ನಡೆದಿರುವಾಗಲೇ ಸುಜಾತಾಳಿಗೆ ಎಲ್ಲವನ್ನೂ ಹೇಳಿದೆ. ಕೆಂಪು ದೀಪ ಹತ್ತಿತು, ಸುದ್ದಿ ಓದಿದಳು, ಒಂದೂ ತಪ್ಪಿಲ್ಲದೆ. ನನ್ನ ಕಾಲೆಳೆಯುವ ಹೊತ್ತಾಯಿತು. ಮೈಕಿಗೆ ಇನ್ನಷ್ಟು ಹತ್ತಿರ ಸರಿದು ಹೇಳಿದಳು:

“ಅಪ್ಪಾ, ಔಷಧ ತಗೊಂಡೀನಿ. ಗಂಟಲ ಈಗ ಆರಾಮ ಅದ.”

ನಾನೇನಾದರೂ ತಮಾಷೆ ಮಾಡಬೇಕಿತ್ತು. ಎಲ್ಲಿಯ ತಮಾಷೆ, ನನ್ನ ಕಣ್ಣೇ ಕಾಣದಂತಾಗಿತ್ತು. ಕೈಗೆ ಸಿಕ್ಕ ಹಾಡು ಹಾಕಿದೆ.

ಹಾಡು ಅರ್ಧಕ್ಕೂ ಬಂದಿರಲಿಲ್ಲ, ಕೇಳುಗರ ಫೋನು ಬಡಿದುಕೊಂಡಿತು. ಎತ್ತಿದರೆ ಬಸ್ಸಿನ ಹಾರ್ನು, ಕಂಡಕ್ಟರನ ಕೂಗು. ಅದರ ನಡುವೆ ಒಂದು ಮುದಿ ದನಿ, “ಆಕೀಗಿ ಕೊಡ್ರಿ” ಅಂದಿತು. ಕೊಟ್ಟೆ. ಗುಂಡಣ್ಣನ ಗಂಟಲು ದೊಡ್ಡದು, ಇತ್ತ ಕಡೆ ಕೂತ ನನಗೂ ಕೇಳಿಸಿತು.

“ಸಂಜೀ ಬಸ್ಸಿಗಿ ಬಾ. ನಿಮ್ಮವ್ವಗ ಅಡಗಿ ಮಾಡಂತ ಹೇಳೀನಿ.”