ಚಂದ್ರಮತಿ ಬಿಡದೆ ಕಂಡ ಸಿನಿಮಾ

ಗಂಗೊಳ್ಳಿಯ ಚಂದ್ರಮತಿ ಕೆಟ್ಟ ಸಿನಿಮಾವನ್ನೂ ಕೊನೆಯವರೆಗೆ ನೋಡಿಯೇ ಬೈಯುವವಳು. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಕುಂದಾಪುರದ ಮಾರುಕಟ್ಟೆಯಲ್ಲಿ ಮಾರಿ, ಕೈ ತೊಳೆದು ಮಧ್ಯಾಹ್ನದ ಆಟಕ್ಕೆ ಓಡುವುದು ಆಕೆಗೆ ಎಳೆಯ ವಯಸ್ಸಿನಿಂದ ಬಂದ ಚಾಳಿ.

ಸೊಸೆ ಶರಣ್ಯಾ ಕೋಟದಲ್ಲಿ ಟೀಚರ್. ಗೆಳೆಯರ ಜೊತೆ ಸೇರಿ ತಿಂಗಳಿಗೊಂದು ಭಾನುವಾರ ಅಲ್ಲಿನ ಸಭಾಭವನದಲ್ಲಿ ಹೊರದೇಶದ ಒಳ್ಳೆಯ ಚಿತ್ರ ತೋರಿಸುತ್ತಾಳೆ. ಮಾತುಗಳನ್ನು ಕನ್ನಡಕ್ಕೆ ತಂದು ಪರದೆಯ ಕೆಳಗೆ ಹಾಕುವ ಕೆಲಸವೂ ಅವರದೇ. ಕಳೆದ ಮಳೆಗಾಲ, ಬೋಟುಗಳೆಲ್ಲ ದಡದಲ್ಲಿದ್ದಾಗ, ಚಂದ್ರಮತಿ ತನ್ನ ಜೊತೆ ಮೀನು ಮಾರುವ ಬಾಗಿಯನ್ನೂ ಕರೆದುಕೊಂಡು ಹೋದಳು.

ಚಿತ್ರದಲ್ಲಿ ಒಬ್ಬ ಹೆಂಗಸು. ತನ್ನ ತಮ್ಮ ಸತ್ತ ದಿನಕ್ಕೆ ಹಿಂದಿರುಗುವ ದಾರಿ ಅವಳಿಗೆ ಸಿಕ್ಕಿದೆ. ಪ್ರತಿ ಸಲ ಹೋದಾಗಲೂ, ಹಿಂದಿನ ಸಲ ಹೋಗಿದ್ದ ಅವಳೇ ಇನ್ನೊಬ್ಬಳಾಗಿ ಅಲ್ಲಿ ಓಡಾಡುತ್ತಿರುತ್ತಾಳೆ. ದೃಶ್ಯಗಳು ಸಾಲಾಗಿ ಬರುವುದಿಲ್ಲ. ಕೊನೆಯದು ಮೊದಲು, ಮೊದಲಿನದು ನಡುವೆ. ಅರ್ಧ ಗಂಟೆಯಲ್ಲಿ ಕುರ್ಚಿಗಳು ಖಾಲಿಯಾಗತೊಡಗಿದವು.

"ಎಂತ ಹೆಣ್ಣೆ ಇದ್? ತಲಿ ಬುಡ ಇಲ್ಲ. ನಾ ಹೋತೆ," ಎಂದು ಬಾಗಿಯೂ ಎದ್ದಳು.

ಚಂದ್ರಮತಿ ಅಲುಗಾಡಲಿಲ್ಲ. ದೀಪ ಹತ್ತಿದಾಗ ಸೊಸೆಯನ್ನು ಕೇಳಿದಳು: "ನಂಗೆ ಅರ್ಥ ಆಯ್ಲ ಮಗಾ. ನಿಂಗ್ ಆಯ್ತಾ?"

"ನಂಗೂ ಪೂರ್ತಿ ಆಯ್ಲ ಅತ್ತೆ," ಎಂದು ಶರಣ್ಯಾ ನಕ್ಕಳು.

"ಹಂಗಾರೆ ಇನ್ನೊಂದ್ಸಲ ಕಾಂಬ."

ಅತ್ತೆ ಸೊಸೆ ಮನೆಯ ಟಿವಿಯಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಯಾವ ಅಕ್ಕ ಯಾವ ಸಲ ಬಂದವಳು ಎಂದು ವಾದ ಮಾಡಿದರು. ಅವಳ ಕೂದಲು ಪ್ರತಿ ಸಲ ಸ್ವಲ್ಪ ಹೆಚ್ಚು ನರೆತಿರುವುದು ಶರಣ್ಯಾಗೆ ಕಂಡಿತು. ಅಲ್ಲಿಂದ ಗಂಟು ಬಿಚ್ಚಿತು: ತಮ್ಮನನ್ನು ಉಳಿಸುವ ಆತುರದಲ್ಲಿ ಅಕ್ಕ ತನ್ನ ಆಯಸ್ಸನ್ನೇ ಸವೆಸುತ್ತಿದ್ದಾಳೆ. ಕೊನೆಯ ಸಲ ಮುದುಕಿಯಾಗಿ ಬಂದವಳು ಏನನ್ನೂ ತಡೆಯುವುದಿಲ್ಲ. ತಮ್ಮನ ಪಕ್ಕ ಕುಳಿತು ಅವನ ಹರಟೆ ಕೇಳುತ್ತಾಳೆ, ಅಷ್ಟೇ.

ಚಂದ್ರಮತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಗಂಡ ಪ್ರೇಮಾನಂದ ಒಂದು ದಿನ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಆ ಬೆಳಿಗ್ಗೆ ಅವನು ಏಳುವ ಮೊದಲೇ ಅವಳು ಮಾರುಕಟ್ಟೆಗೆ ಹೊರಟಿದ್ದಳು.

"ಇದನ್ನ ನಮ್ಮ್ ಹೆಂಗ್ಸ್ರಿಗೆಲ್ಲ ತೋರ್ಸ್ಕ್," ಎಂದಳು.

ಮರು ಪ್ರದರ್ಶನಕ್ಕೆ ಮೀನಿನ ಹೆಂಗಸರನ್ನು ಒಬ್ಬೊಬ್ಬರಾಗಿ ಅವಳೇ ಒಪ್ಪಿಸಿದಳು. ಬಾಗಿಯನ್ನಂತೂ ಕೈ ಹಿಡಿದು ಬಸ್ಸು ಹತ್ತಿಸಿದಳು. ಆಟ ಶುರುವಾಗುವ ಮೊದಲು ಎದ್ದು ನಿಂತು, "ಸಿನಿಮಾದ್ ಹೆಂಗ್ಸಿನ ತಲಿಕೂದ್ಲ್ ಕಾಣ್ತಾ ಇರಿ. ಬೇರೆ ಎಂತದೂ ಹೇಳುದಿಲ್ಲ," ಎಂದು ಕುಳಿತಳು. ಈ ಸಲ ಯಾರೂ ಏಳಲಿಲ್ಲ. ಕೊನೆಯ ದೃಶ್ಯದಲ್ಲಿ ಮೂಗು ಸೀಟುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಮರಳುವ ಬಸ್ಸಿನಲ್ಲಿ ಬಾಗಿ ಕೇಳಿದಳು: "ನಿಂಗ್ ಹಂಗೆ ಹಿಂದೆ ಹೋಪುಕೆ ಆರೆ ಎಂತ ಮಾಡ್ತೆ?"

"ಆ ದಿನ ಮಾರ್ಕೆಟ್ಟಿಗೆ ಹೋಪುದಿಲ್ಲ. ಅವ್ರ್ ಏಳೂತನ್ಕ ಕೂಕಂತೆ. ಗಂಜಿ ಬಡ್ಸಿ, ಮುಖ ಕಾಂತೆ."

"ನಾನಾರೆ ಬೋಟಿಗೆ ಹೋಪುಕೇ ಬಿಡುದಿಲ್ಲ!"

"ಹಂಗಾರೆ ನಿಂಗ್ ಸಿನಿಮಾ ಅರ್ಥ ಆಯ್ಲ," ಎಂದಳು ಚಂದ್ರಮತಿ. "ಇನ್ನೊಂದ್ಸಲ ಕಾಣ್."

ಹಿಂದಿನ ಸೀಟಿನವರೂ ವಾದಕ್ಕಿಳಿದರು. ಕುಂದಾಪುರ ಬರುವಷ್ಟರಲ್ಲಿ ಕಂಡಕ್ಟರ್ ಕೂಡ ಕಥೆ ಏನೆಂದು ಕೇಳುತ್ತಿದ್ದ.